ಪಿಟೀಲು ಚೆನ್ನಾಗಿ ನುಡಿಸೋ ಮಗ ಗೇಮ್ ಬಿಟ್ಟು ಏಳ್ತಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ನಮಸ್ತೆ ಮೇಡಂ. ನಾವು ಹಾಸನದವ್ರು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಆರು ವರ್ಷ ಇದ್ದಾಗಿಂದ ಪಿಟೀಲು ಕಲೀತಿದ್ದಾನೆ. ಇವನ ಕಿವಿ ತುಂಬಾ ಚೆನ್ನಾಗಿದೆ, ಒಂದ್ಸಲ ಹೇಳಿದ್ರೆ ಹಿಡ್ಕೋತಾನೆ ಅಂತ ಅವ್ನ ಮೇಷ್ಟ್ರೇ ಹೇಳ್ತಾರೆ. ಗೀತೆ, ಜತಿಸ್ವರ ಎಲ್ಲಾ ಬೇಗ ಮುಗಿಸ್ದ, ಈಗ ಎಂಟು ತಿಂಗಳಿಂದ ಮೋಹನ ರಾಗದ ವರ್ಣ ನಡೀತಿದೆ. ಬೇಸಿಗೆ ರಜದಲ್ಲಿ ನಮ್ಮಕ್ಕನ ಮಗ ಬಂದು ಬಿಜಿಎಂಐ ಅಂತ ಗುಂಡು ಹೊಡೆಯೋ ಮೊಬೈಲ್ ಗೇಮ್ ಕಲಿಸಿ ಹೋದ, ಡಬ್ಬ ಜೋಡಿಸಿ ಕಟ್ಟೋ ಮೈನ್‌ಕ್ರಾಫ್ಟ್ ಗೇಮ್ ಮೊದ್ಲೇ ಇತ್ತು. ಮುಂಚೆ ಮುಕ್ಕಾಲು ಗಂಟೆ ಸಾಧನೆ ಮಾಡ್ತಿದ್ದೋನು ಈಗ ಹತ್ತು ನಿಮಿಷಕ್ಕೆ ಎದ್ದು ಬಿಡ್ತಾನೆ. ಅರ್ಧ ಗಂಟೆ ನುಡಿಸಿದ್ರೆ ಅರ್ಧ ಗಂಟೆ ಗೇಮ್ ಅಂತ ಮಾಡಿ ನೋಡ್ದೆ, ಗಡಿಯಾರ ನೋಡ್ಕೊಂಡೇ ನುಡಿಸ್ತಾನೆ. ಅವ್ರಪ್ಪ ಹೋದ ವಾರ ಫೋನ್ ಒಡೆದು ಹಾಕ್ತೀನಿ ಅಂದ್ರು, ಅದಕ್ಕೆ ಇವನು ನಾನು ಪಿಟೀಲೇ ಬಿಡ್ತೀನಿ ಅಂದ. ಗೇಮ್ ಪೂರ್ತಿ ಬಂದ್ ಮಾಡ್ಲಾ? ಇಷ್ಟು ಒಳ್ಳೇ ವಿದ್ಯೆ ಹಾಳಾಗತ್ತಲ್ಲ ಅಂತ ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ನೋಡಿಮ್ಮ, ನಿಮ್ಮ ಪ್ರಶ್ನೆ ಎರಡು ಸಲ ಓದ್ದೆ. ನೀವು ಬರೆದಿರೋದು ಗೇಮ್ ಬಗ್ಗೆ, ಆದ್ರೆ ನನ್ನ ಕಣ್ಣು ನಿಂತಿದ್ದು "ಎಂಟು ತಿಂಗಳಿಂದ ವರ್ಣ" ಅನ್ನೋ ಕಡೆ. ನಾನು ಮೈಸೂರಲ್ಲಿ 26 ವರ್ಷದಿಂದ ಮಕ್ಕಳಿಗೆ ಪಿಟೀಲು ಹೇಳಿಕೊಡ್ತಿದೀನಿ, ಚುರುಕಾದ ಮಕ್ಕಳು ಬಿಟ್ಟು ಹೋಗೋದು ಎಲ್ಲಿ ಅಂತ ಕೇಳಿದ್ರೆ ಕಣ್ಣು ಮುಚ್ಕೊಂಡು ಹೇಳ್ತೀನಿ, ವರ್ಣದ ಎರಡನೇ ಕಾಲದಲ್ಲಿ, ಅಂದ್ರೆ ಅದನ್ನೇ ಎರಡರಷ್ಟು ವೇಗದಲ್ಲಿ ನುಡಿಸೋವಾಗ. ಮೊಬೈಲ್ ಇಲ್ದೇ ಇರೋ ಕಾಲದಲ್ಲೂ ಅಲ್ಲೇ ಬಿಡ್ತಿದ್ರು, ಆಗ ಕ್ರಿಕೆಟ್ ಅಂತಿದ್ವಿ, ಟಿವಿ ಅಂತಿದ್ವಿ, ಈಗ ಗೇಮ್ ಅಂತೀವಿ.

ಯಾಕೆ ಅಲ್ಲೇ ಅಂತ ಸ್ವಲ್ಪ ಹೇಳ್ತೀನಿ, ಇದು ಗೊತ್ತಾದ್ರೆ ಉಳಿದಿದ್ದೆಲ್ಲ ಸುಲಭ. ಪುರಂದರದಾಸರು ಹಾಕಿಕೊಟ್ಟ ದಾರಿ ಇದ್ಯಲ್ಲ, ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಏಳು ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು, ಅಲ್ಲೀವರೆಗೆ ಒಳ್ಳೇ ಕಿವಿ ಮತ್ತೆ ಒಳ್ಳೇ ಜ್ಞಾಪಕಶಕ್ತಿ ಇರೋ ಮಗು ಸಾಧನೆ ಇಲ್ದೇನೇ ದಾಟ್ಬಿಡತ್ತೆ. ಕ್ಲಾಸಲ್ಲಿ ಕೇಳ್ತು, ಹಿಡ್ಕೊಳ್ತು, ಮನೇಲಿ ಎರಡು ಸಲ ನುಡಿಸ್ತು, ಮುಂದಿನ ವಾರ ಮೇಷ್ಟ್ರು ಶಭಾಷ್ ಅಂದ್ರು. ಪಕ್ಕದಲ್ಲಿ ಕೂತಿರೋ ಸಾಧಾರಣ ಹುಡುಗ ಅದೇ ಜಂಟಿವರಸೆಗೆ ಇಪ್ಪತ್ತು ಸಲ ಬೆವರು ಹರಿಸಿ, ತಪ್ಪು ಎಲ್ಲಾಗ್ತಿದೆ ಅಂತ ಹುಡುಕೋದು, ನಿಧಾನ ಮಾಡೋದು, ತುಂಡು ಮಾಡಿ ನುಡಿಸೋದು ಎಲ್ಲಾ ಕಲ್ತಿರ್ತಾನೆ. ನಿಮ್ಮ ಮಗನಿಗೆ ಅದು ಯಾವತ್ತೂ ಬೇಕಾಗೇ ಇಲ್ಲ. ವರ್ಣ ಬಂತು ನೋಡಿ, ಅದನ್ನೇ ಎರಡು ಕಾಲದಲ್ಲಿ ನುಡಿಸ್ಬೇಕು, ಸ್ವರಾನ ಅಲುಗಿಸಿ ಜಾರಿಸಿ ನುಡಿಸೋ ಗಮಕ ಬೇಕು, ಕಮಾನು ಎಲ್ಲಿ ತಿರುಗಿಸ್ಬೇಕು ಅನ್ನೋ ಲೆಕ್ಕ ಬೇಕು, ಇದ್ಯಾವುದೂ ಕಿವಿಯೊಂದರಿಂದ ಆಗಲ್ಲ. ಅವನ ಕಿವಿ ಮುಂದೆ ಓಡಿದೆ, ಕೈ ಹಿಂದೆ ಉಳಿದಿದೆ. ಕಿವಿ ಅಷ್ಟು ಚೆನ್ನಾಗಿರೋದ್ರಿಂದ್ಲೇ ತನ್ನ ತಪ್ಪು ಅವನಿಗೆ ನಿಮಗಿಂತ ಜೋರಾಗಿ ಕೇಳಿಸ್ತಿದೆ, ಧೈವತ ಒಂದು ಕೂದಲೆಳೆ ಆಚೀಚೆ ಆದ್ರೂ ಅವನಿಗೆ ಚುಚ್ಚತ್ತೆ. ಎಲ್ರೂ ಜಾಣ ಜಾಣ ಅಂತಿದ್ದಾಗ ದಿನಾ ಮುಕ್ಕಾಲು ಗಂಟೆ ತನ್ನ ತಪ್ಪನ್ನೇ ಕೇಳಿಸ್ಕೊಂಡು ಕೂರೋದು ಹನ್ನೊಂದು ವರ್ಷದ ಮಗುಗೆ ಎಷ್ಟು ಕಷ್ಟ ಯೋಚ್ನೆ ಮಾಡಿ. ಅಂಥಾ ಹೊತ್ತಲ್ಲಿ ಅಣ್ಣ ಬಂದು ಬಿಜಿಎಂಐ ಕೊಟ್ಟ. ಅಲ್ಲಿ ಸೋತ್ರೂ ಐದು ನಿಮಿಷಕ್ಕೆ ಹೊಸ ಮ್ಯಾಚು, ಸೋತಿದ್ದು ಯಾರೂ ನೆನಪಿಟ್ಕೊಳ್ಳಲ್ಲ.

ಹಾಗಾಗಿ ಪೂರ್ತಿ ಬಂದ್ ಮಾಡ್ಲಾ ಅನ್ನೋದಕ್ಕೆ ನನ್ನ ಉತ್ತರ ಬೇಡ. ಇದನ್ನ ನಾನು ಪೆಟ್ಟು ತಿಂದು ಕಲ್ತಿರೋದು. ಸುಮಾರು ವರ್ಷದ ಹಿಂದೆ ನನ್ನ ಹತ್ರ ಒಬ್ಬ ಹುಡುಗ ಇದ್ದ, ಇದೇ ವಯಸ್ಸು, ಇದೇ ಥರದ ಕಿವಿ, ಅವರಮ್ಮ ಇದೇ ಪ್ರಶ್ನೆ ಕೇಳಿದ್ರು, ನಾನು ಕಂಪ್ಯೂಟರ್ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿ ಅಂದೆ. ಹಾಕಿದ್ರು. ಮೂರು ತಿಂಗಳು ಬಂದ, ಹೇಳಿದ್ದೆಲ್ಲ ನುಡಿಸ್ದ, ಆದ್ರೆ ಮುಖದಲ್ಲಿ ಕಳೆ ಇರ್ಲಿಲ್ಲ, ಆಮೇಲೆ ಒಂದಿನ ಪಿಟೀಲು ಪೆಟ್ಟಿಗೆ ನಮ್ಮ ಮನೇಲೇ ಬಿಟ್ಟು ಹೋದೋನು ಮತ್ತೆ ಬರ್ಲೇ ಇಲ್ಲ. ಅವನಿಗೆ ಗೇಮ್ ಕಿತ್ಕೊಂಡಿದ್ದು ಪಿಟೀಲೇ ಅಂತ ಅನ್ನಿಸಿತ್ತು, ಹಾಗೆ ಅನ್ನಿಸೋ ಥರ ಮಾಡಿದ್ದು ನಾನು. ಇವತ್ತಿಗೂ ಆ ಹುಡುಗನ ಬಗ್ಗೆ ನನಗೆ ನೋವಿದೆ.

ಈಗ ಸಾಧನೆ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಇರೋದು ಇಲ್ಲೇ. "ಹೋಗು, ಮುಕ್ಕಾಲು ಗಂಟೆ ಪ್ರಾಕ್ಟೀಸ್ ಮಾಡು" ಅನ್ನೋದು ಮಗುಗೆ ಏನೂ ಹೇಳಿದ ಹಾಗಲ್ಲ. ಎಲ್ಲಿಂದ ಶುರು, ಎಲ್ಲಿ ಮುಗೀತು, ಸರಿ ಬಂತೋ ಇಲ್ವೋ, ಒಂದೂ ಗೊತ್ತಾಗಲ್ಲ, ಗಡಿಯಾರ ಮಾತ್ರ ಗೊತ್ತಾಗತ್ತೆ, ಅದಕ್ಕೇ ಅವನು ಗಡಿಯಾರ ನೋಡ್ತಾನೆ, ಅದರಲ್ಲಿ ಅವನ ತಪ್ಪಿಲ್ಲ. ನಿಮಿಷದ ಲೆಕ್ಕ ಬಿಟ್ಟು ಆವರ್ತದ ಲೆಕ್ಕ ಹಿಡೀರಿ, ಆವರ್ತ ಅಂದ್ರೆ ತಾಳದ ಒಂದು ಸುತ್ತು. ಇವತ್ತು ವರ್ಣದಲ್ಲಿ ಮುಕ್ತಾಯಿ ಸ್ವರ ಅನ್ನೋ ಭಾಗದ ಎರಡನೇ ಆವರ್ತ ಮಾತ್ರ, ಬೇರೆ ಏನೂ ಬೇಡ. ಮೊದಲು ಪಿಟೀಲು ಕೆಳಗಿಟ್ಟು ತಾಳ ಹಾಕ್ಕೊಂಡು ಬಾಯಲ್ಲಿ ಸ್ವರ ಹೇಳ್ಲಿ, ಬಾಯಲ್ಲಿ ನಿಲ್ಲದೇ ಇರೋದು ಕೈಯಲ್ಲಿ ನಿಲ್ಲಲ್ಲ, ಇದು ನಮ್ಮ ಗುರುಗಳು ದಿನಾ ಹೇಳ್ತಿದ್ದ ಮಾತು. ಆಮೇಲೆ ಟಿಕ್ ಟಿಕ್ ಅಂತ ಲಯ ಕೊಡೋ ಮೆಟ್ರೋನೋಮ್ ಆ್ಯಪ್ ನಿಮಿಷಕ್ಕೆ 60ಕ್ಕೆ ಇಟ್ಟು ನುಡಿಸ್ಲಿ. ಎರಡು ಬಟ್ಟಲು ಇಡಿ, ಒಂದರಲ್ಲಿ ಮೂರು ಹುಣಸೇಬೀಜ. ಒಂದ್ಸಲ ಸರಿ ಬಂದ್ರೆ ಒಂದು ಬೀಜ ಆ ಕಡೆ ಹೋಗತ್ತೆ, ತಪ್ಪಾದ್ರೆ ಹೋಗಿದ್ದೆಲ್ಲ ವಾಪಸ್ ಬರತ್ತೆ. ಮೂರೂ ದಾಟಿದ್ರೆ 64, ಮತ್ತೆ ಮೂರು ದಾಟಿದ್ರೆ 68. ಸರಿ ಬಂತಾ ಇಲ್ವಾ ಅಂತ ತೀರ್ಮಾನ ಮಾಡೋನು ಅವನೇ, ನೀವಲ್ಲ, ಆ ಕಿವಿ ಸುಳ್ಳು ಹೇಳಲ್ಲ. 80ರ ಹತ್ರ ಎಲ್ಲೋ ಒಂದು ಕಡೆ ಕೈ ಎಡವತ್ತೆ, ಹಾಗೆ ಎಡವಿದ ನಾಲ್ಕು ಸ್ವರ ಯಾವುದು ಅಂತ ಪೆನ್ಸಿಲಲ್ಲಿ ಗುರುತು ಹಾಕ್ಲಿ, ನಾಳೆ ಅಷ್ಟೇ ನಾಲ್ಕು ಸ್ವರದಿಂದ ಶುರು. ಇದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯತ್ತೆ, ಮುಗಿದ್ರೆ ಮುಗೀತು, "ಇನ್ನೂ ಅರ್ಧ ಗಂಟೆ ಆಗಿಲ್ಲ" ಅಂತ ದಯವಿಟ್ಟು ಅನ್ನಬೇಡಿ. ಬೆಳಗ್ಗೆ ಸ್ಕೂಲಿಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ ಹೀಗೆ ಕೂತ್ರೆ ಈಗಿನ ಮುಕ್ಕಾಲು ಗಂಟೆಗಿಂತ ಜಾಸ್ತಿ ಕೆಲಸ ಆಗತ್ತೆ.

ಇದನ್ನ ಹೇಳಿದ್ರೆ ಕೆಲವರು, ಏನ್ ಮೇಡಂ ಸಂಗೀತಾನೂ ಗೇಮ್ ಮಾಡ್ಬಿಟ್ರಿ ಅಂತಾರೆ. ಮೂರು ಸಲ, ಹತ್ತು ಸಲ, ನೂರು ಸಲ ಅಂತ ಎಣಿಸಿ ನುಡಿಸೋದು ನಮ್ಮಲ್ಲಿ ಹೊಸದೇನಲ್ಲ, ಗುರುಕುಲದಲ್ಲಿ ಹಾಗೇ ನಡೀತಿತ್ತು. ನಾವೇ ಅದನ್ನ ಮರೆತು ಗಂಟೆ ಲೆಕ್ಕಕ್ಕೆ ಇಳಿದ್ವಿ.

ಒಂದು ಸಣ್ಣ ವಿಷಯ, ಆದ್ರೆ ತುಂಬಾ ಕೆಲಸ ಮಾಡತ್ತೆ. ಫೋನ್ ಕೈಗೆ ತಗೊಂಡ್ರೆ ಗೇಮ್ ತಕ್ಷಣ ಶುರು. ಪಿಟೀಲಾದ್ರೆ ಅಟ್ಟದಿಂದ ಪೆಟ್ಟಿಗೆ ಇಳಿಸ್ಬೇಕು, ಚಾಪೆ ಹಾಸ್ಬೇಕು, ಕಮಾನು ಬಿಗಿ ಮಾಡ್ಬೇಕು, ರೋಸಿನ್ ಹಚ್ಬೇಕು, ಶ್ರುತಿ ಮಾಡ್ಬೇಕು, ಮಳೆಗಾಲದಲ್ಲಿ ಬಿರಡೆ ನಿಲ್ಲಲ್ಲ, ಶುರು ಮಾಡೋಕೇ ಹತ್ತು ನಿಮಿಷ ಹೋಯ್ತು. ಚಾಪೆ, ಪಿಟೀಲು, ತಂಬೂರಿ ಆ್ಯಪ್ ಎಲ್ಲಾ ಒಂದು ಮೂಲೇಲಿ ಯಾವಾಗ್ಲೂ ರೆಡಿ ಇರ್ಲಿ. ಅವನು ಕೂರೋಕೆ ಐದು ನಿಮಿಷ ಮುಂಚೆ ನೀವೇ ತಂಬೂರಿ ಹಾಕ್ಬಿಡಿ, ಮನೇಲಿ ಶ್ರುತಿ ಕೇಳ್ತಿದ್ರೆ ಕರೆಯೋ ಕೆಲಸ ಅರ್ಧ ಕಮ್ಮಿ. ತಂಬೂರಿ, ಮೆಟ್ರೋನೋಮ್ ಎರಡಕ್ಕೂ ಗೇಮ್ ಇರೋ ಫೋನ್ ಬೇಡ, ಬೇರೆ ಹಳೇ ಫೋನ್ ಇಡಿ. ಹಾಗೇ ಪಿಟೀಲು ಯಾವ ಸೈಜು ಅಂತ ಒಂದ್ಸಲ ಮೇಷ್ಟ್ರ ಹತ್ರ ಕೇಳಿ. ಏಳೆಂಟು ವರ್ಷಕ್ಕೆ ತಗೊಂಡ ಅರ್ಧ ಸೈಜನ್ನೇ ಇನ್ನೂ ನುಡಿಸ್ತಿದ್ರೆ ಬೆರಳು ಒಂದರ ಮೇಲೊಂದು ಬೀಳತ್ತೆ, ಎಷ್ಟು ಸಾಧನೆ ಮಾಡಿದ್ರೂ ಅಪಸ್ವರ ಬರ್ತಾನೇ ಇರತ್ತೆ, ಮಗು ತನ್ನದೇ ತಪ್ಪು ಅಂದ್ಕೊಳತ್ತೆ. 11 ವರ್ಷಕ್ಕೆ ಸಾಮಾನ್ಯವಾಗಿ ಮುಕ್ಕಾಲು ಸೈಜು ಬೇಕಾಗತ್ತೆ.

ಇನ್ನು ಆ ಅರ್ಧ ಗಂಟೆಗೆ ಅರ್ಧ ಗಂಟೆ ವ್ಯಾಪಾರ. ಅದನ್ನ ಇವತ್ತೇ ನಿಲ್ಸಿ. ನೀವು ಒಳ್ಳೇ ಮನಸ್ಸಿಂದ್ಲೇ ಮಾಡಿದ್ದು, ಆದ್ರೆ ಮಗು ತಲೇಲಿ ಏನು ಕೂತ್ಕೊಳತ್ತೆ ಅಂದ್ರೆ ಗೇಮು ಬೆಲ್ಲ, ಪಿಟೀಲು ಕಷಾಯ, ಕಷಾಯ ಕುಡಿದ್ರೆ ಬೆಲ್ಲ ಸಿಗತ್ತೆ ಅಂತ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು, ಚಿತ್ರ ಬರೆಯೋದಂದ್ರೆ ಮೊದ್ಲೇ ಇಷ್ಟ ಇದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದ್ರೆ ಬಹುಮಾನ ಕೊಡ್ತೀವಿ ಅಂತ ಮೊದ್ಲೇ ಹೇಳಿ ಬರೆಸಿದ್ರು. ಕೆಲವು ದಿನ ಆದ್ಮೇಲೆ ನೋಡಿದ್ರೆ ಆ ಮಕ್ಕಳೇ ತಾವಾಗಿ ಚಿತ್ರ ಬರೆಯೋದು ಕಮ್ಮಿ ಮಾಡಿದ್ರು. ಇಷ್ಟ ಇದ್ದ ಕೆಲಸ ಕೂಲಿ ಆಗೋಯ್ತು. ಸಂಜೆ ಮೊದಲು ಪಿಟೀಲು, ಆಮೇಲೆ ಉಳಿದಿದ್ದು ಅಂತ ಕ್ರಮ ಇಟ್ಕೊಳ್ಳಿ, ಅದು ಹಲ್ಲುಜ್ಜಿ ಕಾಫಿ ಕುಡಿದ ಹಾಗೆ, ಆದ್ರೆ ಇದಕ್ಕೆ ಅದು ಬೆಲೆ ಅಂತ ಬೇಡ. ಸಾಧನೆ ಚೆನ್ನಾಗಿ ಆಗ್ಲಿಲ್ಲ ಅಂತ ಗೇಮ್ ಕಟ್ ಮಾಡೋದೂ ಬೇಡ, ಚೆನ್ನಾಗಿ ಆಯ್ತು ಅಂತ ಜಾಸ್ತಿ ಕೊಡೋದೂ ಬೇಡ.

ಗೇಮಿಗೆ ಅದರದ್ದೇ ನಿಯಮ ಇರ್ಲಿ. ಬಿಜಿಎಂಐ ಒಂದು ಮ್ಯಾಚು ಅರ್ಧ ಗಂಟೆವರೆಗೂ ಹೋಗತ್ತೆ, ಮಧ್ಯದಲ್ಲಿ ಎದ್ರೆ ಟೀಮಿನ ಉಳಿದೋರು ಬೈತಾರೆ, ನೀವು ಅದೇ ಹೊತ್ತಿಗೆ ಫೋನ್ ಕಿತ್ಕೊಂಡ್ರೆ ಕೂಗಾಟ ಆಗೇ ಆಗತ್ತೆ. ನಿಮಿಷ ಎಣಿಸಬೇಡಿ, ಮ್ಯಾಚ್ ಎಣಿಸಿ, ದಿನಕ್ಕೆ ಒಂದು, ಭಾನುವಾರ ಎರಡು ಅಂತ ಅವನ ಜೊತೆ ಕೂತು ಮಾತಾಡಿ ಬರೆದಿಡಿ. ಆ ಗೇಮಲ್ಲಿ 18 ವರ್ಷದ ಒಳಗಿನೋರಿಗೆ ದಿನಕ್ಕೆ 3 ಗಂಟೆ ಮಿತಿ ಇದೆ ಅಂತ ಕೆಲವು ಅಪ್ಪ ಅಮ್ಮ ಸಮಾಧಾನ ಮಾಡ್ಕೋತಾರೆ, ಅದು ಕಂಪನಿ ಲೆಕ್ಕ, ಸ್ಕೂಲಿಗೆ ಹೋಗೋ ಮಗುಗೆ 3 ಗಂಟೆ ಅಂದ್ರೆ ಇಡೀ ಸಂಜೆ. ನನ್ನ ಅಭಿಪ್ರಾಯ ಕೇಳಿದ್ರೆ 11 ವರ್ಷಕ್ಕೆ ಆ ಗುಂಡು ಹೊಡೆಯೋ ಗೇಮ್ ಬೇಗ ಆಯ್ತು, ಮೈನ್‌ಕ್ರಾಫ್ಟ್ ಇಟ್ಕೊಂಡು ಅದನ್ನ ನಿಧಾನಕ್ಕೆ ಬಿಡಿಸೋದು ಒಳ್ಳೇದು, ಬೈದು ಬಿಡಿಸೋದಲ್ಲ. ರಾತ್ರಿ ಫೋನ್ ನಿಮ್ಮ ರೂಮಲ್ಲಿ ಚಾರ್ಜ್ ಆಗ್ಲಿ, ಅವರಪ್ಪಂದೂ ಸೇರಿ. ಮತ್ತೆ ಒಡೆದು ಹಾಕ್ತೀನಿ ಅನ್ನೋ ಮಾತು ಅವರು ವಾಪಸ್ ತಗೋಬೇಕು, "ಕೋಪದಲ್ಲಿ ಅಂದೆ ಕಣೋ" ಅಂತ ಅಪ್ಪನೇ ಹೇಳಿದ್ರೆ ಮಗ "ಬಿಡ್ತೀನಿ" ಅಂದಿದ್ದನ್ನ ವಾಪಸ್ ತಗೊಳ್ಳೋಕೆ ಅವನಿಗೂ ದಾರಿ ಆಗತ್ತೆ.

ಮೈನ್‌ಕ್ರಾಫ್ಟ್ ಅಂದಿದ್ದಕ್ಕೆ ನೆನಪಾಯ್ತು, ಇದು ನನಗೆ ನನ್ನ ಶಿಷ್ಯೆ ಒಬ್ಬಳು ಕಲಿಸಿದ್ದು. ಆ ಗೇಮಲ್ಲಿ ನೋಟ್ ಬ್ಲಾಕ್ ಅಂತ ಒಂದು ಡಬ್ಬ ಇದೆ, ನಿಮ್ಮ ಮಗನಿಗೆ ಖಂಡಿತ ಗೊತ್ತಿರತ್ತೆ. ಅದನ್ನ ಒಂದ್ಸಲ ಒತ್ತಿದ್ರೆ ಸ್ವರ ಒಂದು ಸ್ಥಾನ ಮೇಲೆ ಹೋಗತ್ತೆ, ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಹೋದ ಹಾಗೆ, ಹೀಗೆ ಒಟ್ಟು 25 ಸ್ವರ, ಅಂದ್ರೆ ಪೂರ್ತಿ ಎರಡು ಸ್ಥಾಯಿ. ಒತ್ತದೇ ಬಿಟ್ಟಿದ್ದನ್ನ ಷಡ್ಜ ಅಂದ್ಕೊಂಡ್ರೆ ನಮ್ಮ ನಾಲ್ಕೂವರೆ ಮನೆ ಶ್ರುತಿ ಆಗತ್ತೆ. ಅಲ್ಲಿಂದ ಮೋಹನಕ್ಕೆ ರಿ 2 ಸಲ, ಗ 4, ಪ 7, ದ 9, ಮೇಲಿನ ಸ 12. ಮಾಯಾಮಾಳವಗೌಳ ಬೇಕಂದ್ರೆ 1, 4, 5, 7, 8, 11, 12. ಡಬ್ಬದ ಕೆಳಗೆ ಮರ ಇಟ್ರೆ ಒಂದು ನಾದ, ಉಣ್ಣೆ ಇಟ್ರೆ ಗಿಟಾರ್, ಜೇಡಿಮಣ್ಣು ಇಟ್ರೆ ಕೊಳಲು. ಡಬ್ಬಗಳ ನಡುವೆ ರೆಡ್‌ಸ್ಟೋನ್ ರಿಪೀಟರ್ ಅಂತ ಹಾಕ್ತಾರೆ, ಅದು ಎಷ್ಟು ಹೊತ್ತು ಕಾದು ಮುಂದಿನ ಸ್ವರ ನುಡಿಸ್ಬೇಕು ಅಂತ 1ರಿಂದ 4ರವರೆಗೆ ಇಡಬಹುದು. 4ರಲ್ಲಿಟ್ರೆ ಒಂದನೇ ಕಾಲ, 2ಕ್ಕೆ ಇಳಿಸಿದ್ರೆ ಎರಡನೇ ಕಾಲ, 1ಕ್ಕೆ ಇಳಿಸಿದ್ರೆ ಮೂರನೇ ಕಾಲ, ಎಷ್ಟು ಕರಾರುವಾಕ್ಕಾಗಿ ಕೂತಿದೆ ನೋಡಿ! ಆ ಹುಡುಗಿ ಒಂದು ಅಲಂಕಾರ ಪೂರ್ತಿ ಹೀಗೆ ಜೋಡಿಸ್ಕೊಂಡು ಬಂದು ತೋರಿಸಿದ್ಲು, ನನಗೆ ಕಣ್ಣಲ್ಲಿ ನೀರು ಬಂತು. ಯಾಕಂದ್ರೆ ಕಾಲಪ್ರಮಾಣ ಅಂದ್ರೇನು ಅಂತ ನಾನು ಎರಡು ವರ್ಷ ಬಾಯಲ್ಲಿ ಹೇಳಿದ್ದನ್ನ ಅವಳು ಒಂದು ಭಾನುವಾರ ಕೈಯಲ್ಲಿ ಕಟ್ಟಿದ್ಲು. ಆಮೇಲೆ ಅವಳೇ ಅಂದ್ಲು, "ಮಿಸ್, ಇದ್ರಲ್ಲಿ ಗಮಕ ಬರಲ್ಲ, ಗ ಸುಮ್ನೆ ನಿಂತ್ಬಿಡತ್ತೆ, ಚೆನ್ನಾಗಿಲ್ಲ" ಅಂತ. ಪಿಟೀಲು ತಗೊಂಡು ಮೋಹನದ ಗಾಂಧಾರ ಅಲುಗಿಸಿ ತೋರಿಸಿದ್ಲು, ನಾನು ಕೇಳಿರ್ಲಿಲ್ಲ, ತಾನಾಗೇ. ನಿಮ್ಮ ಮಗನಿಗೆ ಮುಕ್ತಾಯಿ ಸ್ವರದ ಒಂದು ಆವರ್ತ ಹಾಗೆ ಕಟ್ತೀಯಾ ಅಂತ ಕೇಳಿ ನೋಡಿ. ಪಾಠದ ಥರ ಹೇಳಬೇಡಿ, ನಿಮಗೆ ನಿಜವಾಗ್ಲೂ ನೋಡೋ ಆಸೆ ಇದ್ರೆ ಮಾತ್ರ ಕೇಳಿ, ಮಕ್ಕಳಿಗೆ ವ್ಯತ್ಯಾಸ ಗೊತ್ತಾಗತ್ತೆ.

ಗೇಮಲ್ಲಿ ಇನ್ನೊಂದಿದೆ, ಜೊತೆ. ಅಲ್ಲಿ ನಾಲ್ಕು ಜನ ಸ್ನೇಹಿತರು ಹೆಡ್‌ಫೋನಲ್ಲಿ ಮಾತಾಡ್ತಿರ್ತಾರೆ, ಇಲ್ಲಿ ಮೂಲೇಲಿ ಒಬ್ನೇ ಕೂತು ಗೋಡೆ ನೋಡ್ಕೊಂಡು ಕಮಾನು ಎಳೀಬೇಕು. ವಾರಕ್ಕೊಂದ್ಸಲ ಮೃದಂಗ ಕಲಿಯೋ ಹುಡುಗ ಯಾರನ್ನಾದ್ರೂ ಮನೆಗೆ ಕರೀರಿ, ಇಬ್ರೂ ತಪ್ಪೋ ಸರಿಯೋ ಒಟ್ಟಿಗೆ ನುಡಿಸ್ಲಿ, ತಿಂಡಿ ಕೊಡಿ, ಆಮೇಲೆ ಬೇಕಾದ್ರೆ ಒಟ್ಟಿಗೆ ಗೇಮೂ ಆಡ್ಲಿ. ನೀವು ಹಾಸನದವ್ರು, ರುದ್ರಪಟ್ಟಣ ನಿಮ್ಮ ಜಿಲ್ಲೇಲೇ ಇದೆ, ಅರಕಲಗೂಡು ತಾಲ್ಲೂಕು, ಕಾವೇರಿ ದಡದಲ್ಲಿ. ದೊಡ್ಡ ಗಾಯಕರು ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರ ಊರು. ಅಲ್ಲಿ ತಂಬೂರಿ ಆಕಾರದಲ್ಲೇ ಕಟ್ಟಿರೋ ಮಂದಿರ ಇದೆ, ಸಂಗೀತೋತ್ಸವ ಆಗತ್ತೆ, ಒಂದ್ಸಲ ಕರ್ಕೊಂಡು ಹೋಗಿ, ಪೂರ್ತಿ ಕಛೇರಿ ಕೂರಿಸ್ಬೇಕು ಅಂತಿಲ್ಲ, ಮುಂದಿನ ಸಾಲಲ್ಲಿ ಕೂತು ಪಿಟೀಲು ವಿದ್ವಾಂಸರ ಎಡಗೈ ನೋಡ್ಲಿ ಸಾಕು, ಹೊಳೆ ಹತ್ರ ಆಡ್ಕೊಂಡು ಬರ್ಲಿ. ಪಿಟೀಲು ವಿದ್ವಾನ್ ಚೌಡಯ್ಯನವರ ಕಥೆ ಹೇಳಿ. ಹಿಂದಿನ ಸಾಲಲ್ಲಿ ಕೂತೋರಿಗೂ ಕೇಳ್ಲಿ ಅಂತ ನಾಲ್ಕು ತಂತಿ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡ್ಕೊಂಡ್ರು, ತಮ್ಮ ವಾದ್ಯಾನ ತಾವೇ ಅಪ್‌ಗ್ರೇಡ್ ಮಾಡ್ಕೊಂಡೋರು ಅಂದ್ರೆ ಈ ಕಾಲದ ಮಕ್ಕಳಿಗೆ ತಕ್ಷಣ ಅರ್ಥ ಆಗತ್ತೆ. ಬೆಂಗಳೂರಿಗೆ ಹೋದಾಗ ವೈಯಾಲಿಕಾವಲ್ ಹತ್ರ ಪಿಟೀಲು ಆಕಾರದ ಚೌಡಯ್ಯ ಹಾಲ್ ತೋರಿಸಿ.

ನೀವು ಏನು ಮಾಡ್ಬೇಕು? ಅವನ ಸಾಧನೆ ಹೊತ್ತಲ್ಲಿ ಅದೇ ರೂಮಲ್ಲಿ ಸೊಪ್ಪು ಬಿಡಿಸ್ಕೊಂಡೋ, ಬಟ್ಟೆ ಮಡಚ್ಕೊಂಡೋ ಕೂತಿರಿ, ಫೋನ್ ಮಾತ್ರ ಬೇಡ. ತಿದ್ದಬೇಡಿ, ಅದು ಮೇಷ್ಟ್ರ ಕೆಲಸ. ಮುಗಿದ ಮೇಲೆ "ಚೆನ್ನಾಗಿತ್ತು" ಅನ್ನೋದಕ್ಕಿಂತ "ಆ ಮೂರನೇ ಸಲ ನೀನೇ ನಿಲ್ಸಿ ನಿಧಾನ ಮಾಡ್ದೆ ಅಲ್ವಾ" ಅನ್ನಿ, ಅವನು ಮಾಡಿದ ಕೆಲಸ ನೀವು ಕಂಡ್ರಿ ಅಂತ ಅವನಿಗೆ ಗೊತ್ತಾಗ್ಲಿ. ಜಾಣ, ಪ್ರತಿಭಾವಂತ, ದೇವರು ಕೊಟ್ಟ ವಿದ್ಯೆ, ಈ ಮಾತುಗಳನ್ನ ಸ್ವಲ್ಪ ದಿನ ಬೀರುವಿನಲ್ಲಿಡಿ, ನೆಂಟರು ಬಂದಾಗ "ಒಂದು ನುಡಿಸಿ ತೋರ್ಸು" ಅನ್ನೋದೂ ಬೇಡ. ಮೇಷ್ಟ್ರ ಹತ್ರ ನೀವೊಬ್ರೇ ಹೋಗಿ ಮಾತಾಡಿ, ವರ್ಣದ ಜೊತೆಗೆ ಅವನಿಗಿಷ್ಟದ ಒಂದು ಪುಟ್ಟ ಹಾಡು, ದೇವರನಾಮವೋ ಸಿನಿಮಾ ಹಾಡೋ ಗೇಮಿನ ಟ್ಯೂನೋ, ಏನಾದ್ರೂ ನುಡಿಸೋಕೆ ಬಿಡ್ತೀರಾ ಅಂತ ಕೇಳಿ. ಎಂಟು ತಿಂಗಳು ಒಂದೇ ವರ್ಣ ಅಂದ್ರೆ ನನಗೇ ಬೇಜಾರಾಗತ್ತೆ.

ಯಾವಾಗ ನಿಜವಾಗ್ಲೂ ಗಾಬರಿ ಆಗ್ಬೇಕು ಅನ್ನೋದನ್ನೂ ಹೇಳ್ಬಿಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಸೇರಿಸಿದೆ, 2022ರಿಂದ ಅದು ಜಾರಿಗೆ ಬಂದಿದೆ. ಆದ್ರೆ ಆಡೋದು ಜಾಸ್ತಿ ಆದ ಮಾತ್ರಕ್ಕೆ ಅದಲ್ಲ. ತಾನೇ ನಿಲ್ಸೋಕಾಗದೇ ಇರೋದು, ಊಟ ನಿದ್ದೆ ಸ್ಕೂಲು ಸ್ನೇಹ ಎಲ್ಲಕ್ಕಿಂತ ಗೇಮೇ ಮೇಲಾಗೋದು, ತೊಂದ್ರೆ ಆಗ್ತಿದ್ರೂ ಮುಂದುವರಿಸೋದು, ಇದು ಸಾಮಾನ್ಯವಾಗಿ ವರ್ಷದವರೆಗೂ ನಡೆದ್ರೆ ಮಾತ್ರ ಹಾಗೆ ಅಂತಾರೆ. ಕದ್ದು ರಾತ್ರಿ ಆಡೋದು, ನಿಮ್ಮ ಯುಪಿಐನಿಂದ ಹೇಳದೇ ದುಡ್ಡು ಹಾಕೋದು, ಕೈ ಮಾಡೋದು ಇಂಥಾದ್ದು ಕಂಡ್ರೆ ವರ್ಷ ಕಾಯಬೇಡಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ. ನೀವು ಬರೆದಿದ್ದರಲ್ಲಿ ನನಗೆ ಅಂಥಾದ್ದೇನೂ ಕಾಣ್ಲಿಲ್ಲ.

"ಪಿಟೀಲು ಬಿಡ್ತೀನಿ" ಅಂದಿದ್ದಕ್ಕೆ ಈಗಲೇ ಉತ್ತರ ಕೊಡೋಕೆ ಹೋಗಬೇಡಿ. ಆಯ್ತು, ವರ್ಣ ಮುಗಿಸಿ ಕೂತು ಮಾತಾಡೋಣ ಅನ್ನಿ, ಮಧ್ಯದಲ್ಲಿ ಸೋತು ಬಿಡೋದು ಬೇಡ, ಒಂದು ಗೆದ್ದ ಮೇಲೆ ಬಿಡೋದಾದ್ರೆ ಬಿಡು ಅಂತ. ನಾನು ಇದನ್ನ ತಂತ್ರ ಅಂತ ಹೇಳ್ತಿಲ್ಲ, ವರ್ಣ ಎರಡು ಕಾಲದಲ್ಲಿ ಬಂದ ಮೇಲೂ ಅವನಿಗೆ ಬೇಡ ಅನ್ನಿಸಿದ್ರೆ ಆ ಮಾತಿಗೆ ನೀವು ಬೆಲೆ ಕೊಡ್ಲೇಬೇಕು.

ಈ ಭಾನುವಾರ ಒಂದು ಕೆಲಸ ಮಾಡಿ. ಅವನು ವರ್ಣ ನುಡಿಸೋವಾಗ ಸುಮ್ನೆ ಕೇಳಿ, ಎರಡನೇ ಕಾಲದಲ್ಲಿ ಯಾವ ಜಾಗದಲ್ಲಿ ಕೈ ನಿಲ್ಲತ್ತೆ, ಮುಖ ಯಾವಾಗ ಬಾಡತ್ತೆ ಅಂತ ನೋಡಿ ಇಟ್ಕೊಳ್ಳಿ. ಅನುಪಲ್ಲವಿನೋ, ಮುಕ್ತಾಯಿ ಸ್ವರಾನೋ, ಎತ್ತುಗಡೆ ಸ್ವರಾನೋ, ಅಷ್ಟು ನನಗೆ ಬರೆದು ತಿಳಿಸಿ, ಆ ಜಾಗಕ್ಕೆ ಕಮಾನು ಹೇಗೆ ಹಂಚ್ಕೋಬೇಕು ಅಂತ ನಾನು ಬರೆದು ಕಳಿಸ್ತೀನಿ, ಅವನ ಮೇಷ್ಟ್ರಿಗೂ ತೋರಿಸಿ.